ಕೆನಡಾಕ್ಕೆ ಬರುತ್ತಿರುವ ಲೈಬ್ರರಿಯನ್‌ಗೆ: ಲಿಂಕ್ಡ್‌ಇನ್, ಫೇಸ್‌ಬುಕ್ ಮತ್ತು ಒಂದು ಹಳದಿ ಸ್ವೆಟರ್

ಹಾಸನದಿಂದ ಬರೆದಿರುವ ತಂಗಿಗೆ,

ಎಂ.ಲಿಬ್.ಐ.ಎಸ್ಸಿ (ಲೈಬ್ರರಿ ವಿಜ್ಞಾನದ ಸ್ನಾತಕೋತ್ತರ ಪದವಿ) ಆಗಿದೆ, ಪದವಿ ಕಾಲೇಜಿನ ಲೈಬ್ರರಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀನಿ, ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಅನುಮತಿ) ಸಿಕ್ಕಿದೆ, ಆಗಸ್ಟ್‌ನಲ್ಲಿ ಟೊರಾಂಟೊ ಕಡೆ ಬರ್ತಿದ್ದೀನಿ ಅಂತ ಬರೆದಿದ್ದೀರಿ. ಲಿಂಕ್ಡ್‌ಇನ್, ಫೇಸ್‌ಬುಕ್, ಟ್ವಿಟರ್ ಎಲ್ಲ ಕಡೆ ಸೇರಿಕೊಂಡರೆ ಲೈಬ್ರರಿ ಕೆಲಸಕ್ಕೆ ಉಪಯೋಗ ಆಗುತ್ತಾ, ಮತ್ತೆ ಓದಬೇಕಾ, ಸಂಬಳ ಎಷ್ಟು, ಚಳಿಗೆ ಏನು ತರಬೇಕು ಅಂತೆಲ್ಲ ಕೇಳಿದ್ದೀರಿ.

ಚಳಿ ವಿಷಯ ಬಿಡಿ. ಕೋಟು, ಬೂಟು ಇಲ್ಲೇ ಬಂದು ತಗೊಳ್ಳಿ. ಸಂಬಳವನ್ನು ಜಾಹೀರಾತಿನಲ್ಲೇ ಹಾಕಿರುತ್ತಾರೆ, ನೋಡಿಕೊಳ್ಳಿ. ಓದೋ ವಿಷಯಕ್ಕೆ ಬಂದರೆ, ಇಲ್ಲಿ ಲೈಬ್ರರಿಯನ್ ಹುದ್ದೆಗೆ ಸಾಮಾನ್ಯವಾಗಿ ಎಎಲ್‌ಎ ಮಾನ್ಯತೆ ಇರುವ ಸ್ನಾತಕೋತ್ತರ ಪದವಿ ಅಥವಾ ಅದಕ್ಕೆ ಸಮಾನವಾದದ್ದನ್ನು ಕೇಳುತ್ತಾರೆ. ಎಎಲ್‌ಎ ಅಂದರೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್. ಟೊರಾಂಟೊ, ವೆಸ್ಟರ್ನ್, ಮೆಕ್‌ಗಿಲ್ ವಿಶ್ವವಿದ್ಯಾಲಯಗಳ ಕೋರ್ಸಿಗೂ ಮಾನ್ಯತೆ ಕೊಡೋದು ಅದೇ. ನಿಮ್ಮ ಡಿಗ್ರಿ ಸಮಾನ ಹೌದೋ ಅಲ್ಲವೋ ಅನ್ನೋದು ಅರ್ಜಿ ನೋಡುವವರ ಕೈಯಲ್ಲಿರುತ್ತೆ. ಕೆಲವರು ಒಪ್ಪುತ್ತಾರೆ, ಕೆಲವರು ಮುಂದಕ್ಕೇ ಓದಲ್ಲ. ನಿಮ್ಮ ಹೆಸರು ಮೊದಲೇ ಕಿವಿಗೆ ಬಿದ್ದಿದ್ದರೆ ಮುಂದಕ್ಕೆ ಓದುತ್ತಾರೆ. ಸಾಮಾಜಿಕ ಜಾಲತಾಣದಿಂದ ಆಗೋ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ನಾನು ಬಂದದ್ದು 2009ರಲ್ಲಿ. ನನ್ನ ಬಯೋಡೇಟಾದಲ್ಲಿ ಫೋಟೊ, ಹುಟ್ಟಿದ ದಿನ, ತಂದೆ ಹೆಸರು, ಕೊನೆಗೆ 'ಮೇಲೆ ಹೇಳಿದ್ದೆಲ್ಲ ಸತ್ಯ' ಅನ್ನೋ ಡಿಕ್ಲರೇಷನ್, ಎಲ್ಲ ಇತ್ತು. ಹೊಸಬರ ರೆಸ್ಯೂಮೆ ತಿದ್ದಿಕೊಡುತ್ತಿದ್ದ ಒಬ್ಬ ಹೆಂಗಸು ಪೆನ್ಸಿಲ್ ಹಿಡಿದು ಒಂದೊಂದಾಗಿ ಹೊಡೆದು ಹಾಕುತ್ತಾ ಬಂದರು. ತಂದೆ ಹೆಸರಿಗೆ ಬಂದಾಗ ತಲೆಯೆತ್ತಿ, "ಇವರೂ ಲೈಬ್ರರಿಯನ್ನಾ?" ಅಂದರು. ಅಪ್ಪ ಹೈಸ್ಕೂಲ್ ಮೇಷ್ಟ್ರು ಅಂತ ಹೇಳಿ ಸುಮ್ಮನಾದೆ.

ಈಗ ಅಂಥದ್ದೇ ಬಯೋಡೇಟಾ ಲಿಂಕ್ಡ್‌ಇನ್‌ಗೆ ಬಂದು ಕೂತಿದೆ. ವಾರಕ್ಕೆ ಒಂದಾದರೂ ಮೆಸೇಜ್ ಬರುತ್ತೆ: 'ರೆಸ್ಪೆಕ್ಟೆಡ್ ಮೇಡಂ, ರೆಸ್ಯೂಮೆ ಲಗತ್ತಿಸಿದ್ದೇನೆ, ಕೈಂಡ್ಲಿ ಡು ದ ನೀಡ್‌ಫುಲ್.' ಇದರಲ್ಲಿರೋ ಮರ್ಯಾದೆ ನನಗೆ ಗೊತ್ತಾಗುತ್ತೆ. ಇಲ್ಲಿನವರಿಗೆ ಗೊತ್ತಾಗಲ್ಲ. ಯಾರನ್ನೂ ನೇರವಾಗಿ ಕೆಲಸ ಕೇಳಬೇಡಿ. 'ಮಕ್ಕಳ ವಿಭಾಗದ ಬಗ್ಗೆ ನೀವು ಬರೆದದ್ದು ಓದಿದೆ, ನನಗೊಂದು ಸಂದೇಹ ಇದೆ, ಹದಿನೈದು ನಿಮಿಷ ಮಾತಾಡಬಹುದಾ?' ಅಂತ ಕೇಳಿ. ಇದನ್ನು ಇನ್ಫರ್ಮೇಷನಲ್ ಇಂಟರ್‌ವ್ಯೂ ಅಂತಾರೆ. ಬಹಳ ಜನ ಒಪ್ಪಿಕೊಳ್ಳುತ್ತಾರೆ, ಲೈಬ್ರರಿಯವರಿಗೆ ಪ್ರಶ್ನೆ ಅಂದರೆ ಇಷ್ಟ ಅಲ್ವಾ!

ಟ್ವಿಟರ್ ಕಾಲ ಮುಗೀತು ಅಂದುಕೊಳ್ಳಿ. ಲೈಬ್ರರಿ ಜನ ಅಲ್ಲಿ ತುಂಬ ಇದ್ದರು. 2022ರ ಕೊನೆಯಲ್ಲಿ ಮಾಲೀಕ ಬದಲಾದ ಮೇಲೆ ಎಷ್ಟೋ ಜನ ಮಾಸ್ಟಡಾನ್, ಬ್ಲೂಸ್ಕೈ ಅಂತ ಹೊರಟುಹೋದರು. ರೆಡಿಟ್‌ನ ಲೈಬ್ರರಿಯನ್ ಗುಂಪು ಓದಬಹುದು, ಆದರೆ ರಾತ್ರಿ ಹೊತ್ತು ಓದಬೇಡಿ. ಎಲ್ಲರೂ ಕೆಲಸ ಇಲ್ಲ ಅಂತ ಅಳುತ್ತಿರುತ್ತಾರೆ, ನಿದ್ದೆ ಹಾಳು.

ನಿಮ್ಮ ಕೈಯಲ್ಲಿರೋ ನಿಜವಾದ ಬಂಡವಾಳ ಕೊಹಾ, ಅಂದರೆ ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ತಂತ್ರಾಂಶ. ಕಾಲೇಜಿನಲ್ಲಿ ಕೊಹಾ ಹಾಕಿಸಿದ್ದು, ಬಾರ್‌ಕೋಡ್ ಅಂಟಿಸಿ ಹಳೇ ರಿಜಿಸ್ಟರನ್ನೆಲ್ಲ ಒಳಗೆ ತುಂಬಿಸಿದ್ದು ಎಲ್ಲ ನೀವೇ ಅಂತ ಬರೆದಿದ್ದೀರಿ, ಅದೂ ಒಂದೇ ಸಾಲಿನಲ್ಲಿ, ಏನೋ ಮನೆ ಕಸ ಗುಡಿಸಿದ ಹಾಗೆ. ಅದನ್ನೇ ವಿವರವಾಗಿ ಬರೆಯಿರಿ. ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿಗಾಗಿ ಹುಟ್ಟಿದ ತಂತ್ರಾಂಶ ಅದು, 2000ನೇ ಇಸವಿಯಿಂದ ಬಳಕೆಯಲ್ಲಿದೆ. ಅದನ್ನು ನಡೆಸುತ್ತಿರೋದು ದೇಶದೇಶದ ಜನ ಸೇರಿ. ಅವರ ಚಾಟ್‌ನಲ್ಲಿ, ಮೇಲಿಂಗ್ ಲಿಸ್ಟ್‌ನಲ್ಲಿ ದಿನಾ ಯಾರೋ ಒಬ್ಬರು ಸಿಕ್ಕಿಹಾಕಿಕೊಂಡಿರುತ್ತಾರೆ. ನಿಮಗೆ ಗೊತ್ತಿದ್ದಕ್ಕೆ ಉತ್ತರ ಕೊಡಿ. ಟೊರಾಂಟೊದಲ್ಲಿ ಕೊಹಾ ಕೆಲಸ ಸಿಗದೇ ಇರಬಹುದು. ದೊಡ್ಡ ಲೈಬ್ರರಿಗಳಲ್ಲಿ ಬೇರೆ ತಂತ್ರಾಂಶಗಳೇ ಜಾಸ್ತಿ. ಆದರೆ ಒಂದನ್ನು ಬಿಚ್ಚಿ ನೋಡಿದವರಿಗೆ ಇನ್ನೊಂದು ಕಷ್ಟ ಅಲ್ಲ ಅನ್ನೋದು ಕೆಲಸ ಕೊಡುವವರಿಗೆ ಗೊತ್ತು.

ಕನ್ನಡವನ್ನೂ ಮುಚ್ಚಿಡಬೇಡಿ. ಇಲ್ಲಿ ಕನ್ನಡ ಪುಸ್ತಕ ಕ್ಯಾಟಲಾಗ್ ಮಾಡುವಾಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಎಎಲ್‌ಎ ಸೇರಿ ಮಾಡಿದ ಪಟ್ಟಿಯ ಪ್ರಕಾರ ಇಂಗ್ಲಿಷ್ ಅಕ್ಷರಕ್ಕೆ ಇಳಿಸುತ್ತಾರೆ. ದೀರ್ಘಕ್ಕೆ ಮೇಲೆ ಗೆರೆ, ಳಕಾರ ಣಕಾರಕ್ಕೆ ಕೆಳಗೆ ಚುಕ್ಕಿ. ಕನ್ನಡ ಗೊತ್ತಿಲ್ಲದವರು ಮುಖಪುಟ ನೋಡಿ ಮಾಡಿದ ಎಷ್ಟೋ ದಾಖಲೆಗಳಲ್ಲಿ ಆ ಚುಕ್ಕಿ ಬೇಕಾದಲ್ಲಿ ಇರಲ್ಲ, ಬೇಡದಲ್ಲಿ ಇರುತ್ತೆ. ಅಂಥದ್ದೊಂದನ್ನು ಹಿಡಿದು ನಾಲ್ಕು ಸಾಲು ಬರೆದು ಹಾಕಿ, ಯಾರ ಹೆಸರೂ ಎತ್ತದೆ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಹೆಸರೂ ಬರಲಿ. ಅವರ ಐದು ಸೂತ್ರ ಇಲ್ಲಿನ ವಿದ್ಯಾರ್ಥಿಗಳೂ ಓದುತ್ತಾರೆ. ಅವರು 1962ರಲ್ಲಿ ಡಿಆರ್‌ಟಿಸಿ ಅನ್ನೋ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲಿ ಅಂತ ನಾನು ಹೇಳಿದಾಗ ಇಂಟರ್‌ವ್ಯೂ ಮಾಡುತ್ತಿದ್ದವರಲ್ಲಿ ಒಬ್ಬರು ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡರು. ನಮ್ಮ ಊರಿನ ಬಗ್ಗೆ ಅಷ್ಟು ಜಂಬ ನನಗೆ ಅದುವರೆಗೂ ಬಂದಿರಲಿಲ್ಲ.

ಇನ್ನು ಏನು ಬರೆಯಬಾರದು ಅನ್ನೋದು. ನೀವು ಇದನ್ನು ಕೇಳಿಲ್ಲ, ಆದರೆ ಹೇಳಲೇಬೇಕು.

ನಮ್ಮಲ್ಲಿ ಹೇಗೆ ಅಂತ ನಿಮಗೇ ಗೊತ್ತು. ಇಶ್ಯೂ ರಿಜಿಸ್ಟರ್ ಕೌಂಟರ್ ಮೇಲೇ ಬಿಚ್ಚಿಟ್ಟಿರುತ್ತೆ. ಪುಸ್ತಕ ವಾಪಸ್ ಕೊಡದವರ ಹೆಸರು ನೋಟಿಸ್ ಬೋರ್ಡಿಗೆ ಹಾಕ್ತೀವಿ. ಬಹುಮಾನ ತಗೊಂಡ ಮಗುವಿನ ಫೋಟೊ, ಹೆಸರು, ಊರು ಸಮೇತ ವಾಟ್ಸಾಪ್‌ಗೆ ಹೋಗುತ್ತೆ, ಅಪ್ಪ ಅಮ್ಮ ಖುಷಿಪಡುತ್ತಾರೆ. ಇಲ್ಲಿ ಯಾರು ಏನು ಓದುತ್ತಾರೆ, ಯಾವ ದಿನ ಬರುತ್ತಾರೆ ಅನ್ನೋದೆಲ್ಲ ಗುಟ್ಟು. ಎಎಲ್‌ಎ ನೀತಿಸಂಹಿತೆಯಲ್ಲೇ ಅದಿದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಸಾರ್ವಜನಿಕ ಲೈಬ್ರರಿಗಳಿಗೆ ಖಾಸಗಿತನದ ಕಾನೂನೂ ಇದೆ.

ನಮ್ಮ ಕಡೆಯ ಹುಡುಗಿ ಒಬ್ಬಳಿದ್ದಳು, ದಾವಣಗೆರೆಯವಳು. ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಮಕ್ಕಳ ವಿಭಾಗಕ್ಕೆ ಕಾಂಟ್ರಾಕ್ಟ್ ಮೇಲೆ ಸೇರಿದ್ದಳು. ಕೈಗೆ ಬೆಕ್ಕಿನ ಬೊಂಬೆ ಹಾಕಿಕೊಂಡು ಕಥೆ ಹೇಳಲು ಕೂತರೆ ದೊಡ್ಡವರೂ ಬಂದು ನಿಲ್ಲುತ್ತಿದ್ದರು. ಒಂದು ಶನಿವಾರ ಆ ಫೋಟೊ ಫೇಸ್‌ಬುಕ್‌ಗೆ ಹಾಕಿದಳು, ಊರಲ್ಲಿರೋ ಅಮ್ಮ ನೋಡಲಿ ಅಂತ. ಲೈಬ್ರರಿಯನ್ನು ಟ್ಯಾಗ್ ಮಾಡಿದ್ದಳು. ಕೆಳಗೆ, 'ಹಳದಿ ಸ್ವೆಟರ್ ಹುಡುಗಿ ಪ್ರತಿ ಶನಿವಾರ ತಪ್ಪದೇ ಬರ್ತಾಳೆ, ಡೈನೋಸಾರ್ ಪುಸ್ತಕವೇ ಆಗಬೇಕು' ಅಂತ ಬರೆದಿದ್ದಳು.

ಆ ಮಗುವಿನ ಅಪ್ಪ ಅಮ್ಮ ಬೇರೆಯಾಗಿದ್ದರು. ವಿಷಯ ಕೋರ್ಟಿನಲ್ಲಿತ್ತು. ಮಗು ಯಾವ ಊರಲ್ಲಿದೆ ಅಂತ ಅಪ್ಪನಿಗೆ ಗೊತ್ತಾಗಬಾರದಿತ್ತು. ಸೋಮವಾರ ಮಗುವಿನ ತಾಯಿ ಆ ಪೋಸ್ಟನ್ನು ಪ್ರಿಂಟ್ ಮಾಡಿಕೊಂಡು ಕೌಂಟರಿಗೆ ಬಂದರು. ಯಾರೂ ಕೂಗಾಡಲಿಲ್ಲ. ಪೋಸ್ಟ್ ತೆಗೆಸಿದರು, ಮೇಲಿನವರು ಇವಳನ್ನು ಕೋಣೆಗೆ ಕರೆದು ಒಂದು ಕಾಗದ ಕೊಟ್ಟರು. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ನಿಯಮದ ಕೈಪಿಡಿಗೆ ಅವಳು ಸಹಿ ಹಾಕಿದ್ದಳು, ನಿಜ. ಆದರೆ ಅದರ ಅರ್ಥ ಏನು ಅಂತ ಯಾರೂ ಕೂರಿಸಿ ಹೇಳಿರಲಿಲ್ಲ. ಅವಳು ಸೇರಿದ ವಾರ ನಾನೂ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದ್ದೆ. ಬಸ್ ಪಾಸ್, ಬಾಡಿಗೆ, ಯಾವ ಅಂಗಡಿಯಲ್ಲಿ ಸೋನಾ ಮಸೂರಿ ಸಿಗುತ್ತೆ, ಎಲ್ಲ ಹೇಳಿದ್ದೆ. ಇದೊಂದು ಬಾಯಿಗೆ ಬರಲಿಲ್ಲ. ಈಗ ಅವಳು ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್‌ನಲ್ಲಿದ್ದಾಳೆ. ಅಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಇಲ್ಲಿ ಇನ್ನೂ ನೋಡಿಲ್ಲ.

ಹಾಗಾಗಿ ಕೆಲಸದ ಬಗ್ಗೆ ಬರೆಯುವಾಗ ಪುಸ್ತಕ, ತಂತ್ರಾಂಶ, ಕಪಾಟಿನ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಓದುಗರ ಬಗ್ಗೆ ತಮಾಷೆಗೂ ಬೇಡ, ಹೊಗಳಿಕೆಗೂ ಬೇಡ, ಹೆಸರು ಬಿಟ್ಟೂ ಬೇಡ. ಫೇಸ್‌ಬುಕ್ ಬೀಗ ಹಾಕಿಕೊಂಡಿದೆ, ನೆಂಟರು ಮಾತ್ರ ನೋಡ್ತಾರೆ ಅಂತಲೂ ಧೈರ್ಯ ಮಾಡಬೇಡಿ. ನಮ್ಮ ನೆಂಟರ ಫಾರ್ವರ್ಡ್ ಮಾಡೋ ಅಭ್ಯಾಸ ಗೊತ್ತಲ್ಲ.

ಇದೆಲ್ಲ ಬಂದ ಮೇಲಿನ ಮಾತು. ಈಗ ತುರ್ತಾಗಿ ಆಗಬೇಕಾದ್ದು ಇನ್ನೊಂದಿದೆ. ಪಿಆರ್‌ಗೆ ಅಂತ ವೆಸ್ (ಹೊರದೇಶದ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಅಂತ ವರದಿ ಕೊಡುವ ಸಂಸ್ಥೆ) ಕಡೆಯಿಂದ ಡಿಗ್ರಿ ಮೌಲ್ಯಮಾಪನ ಮಾಡಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಗಂಡನ ಅರ್ಜಿಯಲ್ಲಿ ಬರುತ್ತಿದ್ದರೆ ಬಹುಶಃ ನಿಮ್ಮದು ಆಗಿರಲ್ಲ. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಅವರಿಗೆ ಹೋಗಬೇಕು, ನೀವು ಕೈಯಲ್ಲಿ ತಂದರೆ ನಡೆಯಲ್ಲ. ಇಲ್ಲಿಂದ ಫೋನ್ ಮಾಡಿಕೊಂಡು ಆ ಕೆಲಸ ಮಾಡಿಸೋದು ಎಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ ಒಳಗೆ ಒಂದು ಸಲ ನೀವೇ ಹೋಗಿ, ಪರೀಕ್ಷಾ ವಿಭಾಗದಲ್ಲಿ ಹಣ ಕಟ್ಟಿ, ರಸೀದಿ ಇಟ್ಟುಕೊಂಡು, ಲಕೋಟೆ ಹೊರಟಿತು ಅಂತ ಖಾತ್ರಿ ಮಾಡಿಕೊಂಡೇ ವಿಮಾನ ಹತ್ತಿ.