ತುರ್ತು ವಿಭಾಗದಲ್ಲಿ ಸಿಪಿಆರ್ ಮಾಡಿದರೆ ಎಷ್ಟು ಮಂದಿ ಉಳಿಯುತ್ತಾರೆ?

ತಮ್ಮ ದೊಡ್ಡಪ್ಪನವರನ್ನು ಕಾಪುವಿನ ಮನೆಯಿಂದ ಕಾರಿನಲ್ಲಿ ಉಡುಪಿಯ ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ನಾಡಿ ನಿಂತಿತ್ತು, ತುರ್ತು ವಿಭಾಗದಲ್ಲಿ 40 ನಿಮಿಷ ಸಿಪಿಆರ್ ಮಾಡಿ, ಅಂದರೆ ರಕ್ತ ಹರಿಯುತ್ತಿರಲೆಂದು ಎದೆ ಒತ್ತಿದರೂ ಅವರು ಉಳಿಯಲಿಲ್ಲ ಎಂದು ಬರೆದಿದ್ದೀರಿ. ಸಿನಿಮಾಗಳಲ್ಲಿ ನಾಲ್ಕು ಸಲ ಒತ್ತಿದೊಡನೆ ಕಣ್ಣು ಬಿಡುವವರನ್ನು ಕಂಡ ತಮಗೆ, ಇಲ್ಲಿ ಎಲ್ಲಿಯೋ ಕೊರತೆಯಾಯಿತೇ ಎಂಬ ಸಂಶಯ ಕಾಡುತ್ತಿದೆ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಜನ ಈಗಲೂ ‘ಕ್ಯಾಶುವಲ್ಟಿ’ ಎಂದೇ ಕರೆಯುವ ವಿಭಾಗದಲ್ಲಿ, 11 ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಆ ದಿನದ ಚಿಕಿತ್ಸೆಯನ್ನು ಕಾಣದೆ ತೀರ್ಪು ಹೇಳಲಾರೆ. ಆದರೆ ತಾವು ಕೇಳಿದ ಲೆಕ್ಕವನ್ನು ಹೇಗೆ ಓದಬೇಕೆಂದು ಹೇಳಬಲ್ಲೆ.

ಅಮೆರಿಕದಲ್ಲಿ ಹೃದಯ ಸ್ತಂಭನದ ದಾಖಲೆಗಳನ್ನು ವ್ಯವಸ್ಥಿತವಾಗಿ ಇಡುತ್ತಾರೆ. ಅವುಗಳ ಪ್ರಕಾರ ಆಸ್ಪತ್ರೆಯೊಳಗೆ ಇದ್ದಾಗಲೇ ಹೃದಯ ನಿಂತವರಲ್ಲಿ ನಾಲ್ಕೈದು ಮಂದಿಗೆ ಒಬ್ಬರು ಮನೆಗೆ ಮರಳುತ್ತಾರೆ. ಮನೆಯಲ್ಲೋ ರಸ್ತೆಯಲ್ಲೋ ಹೃದಯ ನಿಂತವರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರು. ಅದೂ ಆಂಬುಲೆನ್ಸಿನೊಳಗೇ ಶಾಕ್ ಕೊಡುವ ವ್ಯವಸ್ಥೆ ಬೇರೂರಿರುವ ದೇಶದ ಮಾತು. ನಮ್ಮಲ್ಲಿ ಎದೆನೋವು ಬಂದವರಿಗೆ ಮೊದಲು ‘ಗ್ಯಾಸ್’ ಎಂದು ಸೋಡಾ ಕುಡಿಸಿ, ಅರ್ಧ ಗಂಟೆ ಕಾದು ನೋಡಿ, ಆಮೇಲೆ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆತರುವುದನ್ನು ವಾರಕ್ಕೊಮ್ಮೆಯಾದರೂ ಕಾಣುತ್ತೇನೆ.

ಹೃದಯ ಸ್ತಂಭನವಾದಾಗ ಆ ಹೃದಯ ಯಾವ ಸ್ಥಿತಿಯಲ್ಲಿತ್ತು ಎಂಬುದು ಮಿಕ್ಕೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೆಲವರಲ್ಲಿ ಅದು ಪೂರ್ತಿ ನಿಂತಿರುವುದಿಲ್ಲ, ಲಯ ತಪ್ಪಿ ಅದುರುತ್ತಿರುತ್ತದೆ. ಅದಕ್ಕೆ ವಿದ್ಯುತ್ ಶಾಕ್ ನಾಟುತ್ತದೆ. ಮಾನಿಟರಿನಲ್ಲಿ ಗೆರೆ ಚಪ್ಪಟೆಯಾಗಿದ್ದರೆ ಶಾಕ್ ಕೊಟ್ಟು ಪ್ರಯೋಜನವಿಲ್ಲ, ಸಿನಿಮಾದವರು ಮಾತ್ರ ಅದೇ ಗೆರೆಗೆ ತಪ್ಪದೆ ಶಾಕ್ ಕೊಡುತ್ತಾರೆ. ಆಸ್ಪತ್ರೆಯೊಳಗಿನ ಪ್ರಕರಣಗಳಲ್ಲಿಯೂ ಮೊದಲ ಗುಂಪಿನವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಉಳಿದರೆ, ಎರಡನೆಯ ಗುಂಪಿನಲ್ಲಿ ಉಳಿಯುವವರು ಹತ್ತರಲ್ಲಿ ಒಬ್ಬರ ಆಸುಪಾಸು. ಎದೆ ಒತ್ತುವವರಿಲ್ಲದೆ ಕಳೆಯುವ ಒಂದೊಂದು ನಿಮಿಷವೂ ಉಳಿಯುವ ಸಾಧ್ಯತೆಯನ್ನು ಶೇ. 7ರಿಂದ 10ರಷ್ಟು ತಗ್ಗಿಸುತ್ತದೆ, ಮತ್ತು ಅದುರುತ್ತಿದ್ದ ಹೃದಯವೂ ಹೊತ್ತು ಕಳೆದಂತೆ ಚಪ್ಪಟೆ ಗೆರೆಗೆ ಇಳಿಯುತ್ತದೆ. ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಎಷ್ಟು ಬೇಗ ಬಂದರೂ ಕಾಲು ಗಂಟೆ ಬೇಕಲ್ಲವೇ?

ಒಮ್ಮೆ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುವವರೊಬ್ಬರು ಎದೆ ಹಿಡಿದುಕೊಂಡು ರಿಕ್ಷಾದಲ್ಲಿ ತಾವೇ ಬಂದಿಳಿದರು. ಇಸಿಜಿಯ ತಂತಿ ಅಂಟಿಸುತ್ತಿದ್ದಂತೆಯೇ ಅವರ ಕಣ್ಣು ಮೇಲಾಯಿತು. ಒಂದು ನಿಮಿಷದೊಳಗೆ ಶಾಕ್ ಕೊಟ್ಟೆವು. ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು, “ಸಿಸ್ಟರ್, ನನ್ನ ಚಪ್ಪಲಿ ಎಲ್ಲಿ?” ಅದೇ ರಾತ್ರಿ ಅವರಿಗಿಂತ ಹತ್ತು ವರ್ಷ ಚಿಕ್ಕವರೊಬ್ಬರನ್ನು ಮನೆಯಲ್ಲಿ ಕುಸಿದ ಬಳಿಕ ಕರೆತಂದರು. ಅದೇ ತಂಡ, ಅದೇ ಯಂತ್ರ, ಅವೇ ಔಷಧಗಳು; ಮುಕ್ಕಾಲು ಗಂಟೆ ದುಡಿದರೂ ಏನೂ ಆಗಲಿಲ್ಲ.

ನಾಡಿ ಮರಳುವುದು ಬೇರೆ, ಮನುಷ್ಯ ಮರಳುವುದು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಆಸ್ಪತ್ರೆಯೊಳಗೆ ಹೃದಯ ನಿಂತವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ನಾಡಿ ಮರಳುತ್ತದೆ. ಅವರಲ್ಲಿ ಅನೇಕರು ಮುಂದೆ ಐಸಿಯುವಿನಲ್ಲಿ ತೀರಿಕೊಳ್ಳುತ್ತಾರೆ, ಏಕೆಂದರೆ ರಕ್ತವಿಲ್ಲದ ನಾಲ್ಕಾರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ತಟ್ಟಿರುತ್ತದೆ. 2018ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತ 8,000ಕ್ಕೂ ಹೆಚ್ಚು ಮಂದಿಯ ಪೈಕಿ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಲು ಕೊಡುವ ಅಡ್ರಿನಲಿನ್ ಔಷಧ ಪಡೆದವರಲ್ಲಿ ಶೇ. 3.2 ಮಂದಿಯೂ ಪಡೆಯದವರಲ್ಲಿ ಶೇ. 2.4 ಮಂದಿಯೂ 30 ದಿನಗಳ ಬಳಿಕ ಬದುಕಿದ್ದರು. ಆದರೆ ಮೆದುಳು ಸರಿಯಾಗಿ ಉಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯಾರಾದರೂ ‘ಸಿಪಿಆರ್ ಯಶಸ್ಸು ಇಷ್ಟು’ ಎಂದರೆ ಯಾವ ಯಶಸ್ಸು ಎಂದು ಕೇಳದೆ ನಾನು ಒಪ್ಪುವುದಿಲ್ಲ.

ಸಿಪಿಆರ್ ಮಾಡಿದರೆ ಹೆಚ್ಚಿನವರು ಉಳಿಯುತ್ತಾರೆಂಬ ನಿರೀಕ್ಷೆ ಹುಟ್ಟಿದ ಬಗೆಯೂ ಗಮನಾರ್ಹ. ಎದೆಯನ್ನು ಹೊರಗಿನಿಂದ ಒತ್ತುವ ಕ್ರಮವನ್ನು 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದಾಗ, 20 ರೋಗಿಗಳಲ್ಲಿ 14 ಮಂದಿ ಉಳಿದಿದ್ದರು. ಆದರೆ ಅವರೆಲ್ಲ ಆಸ್ಪತ್ರೆಯೊಳಗೇ ಇದ್ದವರು, ಹಲವರ ಹೃದಯ ಅರಿವಳಿಕೆಯ ವೇಳೆ, ವೈದ್ಯರ ಕಣ್ಣೆದುರೇ ನಿಂತಿತ್ತು. 1996ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಗಳನ್ನು ಎಣಿಸಿ ನೋಡಿದವರಿಗೆ ಅಲ್ಲಿ ಸಿಪಿಆರ್ ಪಡೆದ ಮುಕ್ಕಾಲು ಪಾಲು ಮಂದಿ ಎದ್ದು ಕುಳಿತದ್ದು ಕಂಡಿತು!

ದೊಡ್ಡಪ್ಪನವರ ಪಕ್ಕೆಲುಬು ಮುರಿದಿತ್ತೆಂದು ತಾವು ನೊಂದು ಬರೆದಿದ್ದೀರಿ. ನಿಮಿಷಕ್ಕೆ 100ರಿಂದ 120 ಸಲ, ಎದೆ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ ಒತ್ತಿದಾಗ, ಅದರಲ್ಲಿಯೂ ವಯಸ್ಸಾದವರಲ್ಲಿ, ಪಕ್ಕೆಲುಬು ಮುರಿಯುವುದು ಸಾಮಾನ್ಯ. ಅಷ್ಟು ಒತ್ತಿದರೂ ಹರಿಯುವುದು ಸಹಜ ರಕ್ತಪ್ರವಾಹದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟೇ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸದಿದ್ದರೆ ಒತ್ತುವವರ ಬಲ ಕುಗ್ಗಿ ಅದೂ ಇಳಿಯುತ್ತದೆ. ಪಕ್ಕೆಲುಬು ಮುರಿಯುವ ಆ ಶಬ್ದ ನನ್ನ ಅಂಗೈಗೆ ಈಗಲೂ ನೆನಪಿದೆ.

40 ನಿಮಿಷದ ಬಗ್ಗೆ ಒಂದು ಮಾತು. 2012ರಲ್ಲಿ ಅಮೆರಿಕದ 435 ಆಸ್ಪತ್ರೆಗಳ ದಾಖಲೆ ಪರಿಶೀಲಿಸಿದಾಗ, ನಾಡಿ ಮರಳಿದವರಲ್ಲಿ ಪ್ರಯತ್ನದ ಮಧ್ಯಮ ಅವಧಿ (ಅರ್ಧದಷ್ಟು ಮಂದಿಯಲ್ಲಿ ಇದಕ್ಕಿಂತ ಕಡಿಮೆ, ಉಳಿದರ್ಧದಲ್ಲಿ ಹೆಚ್ಚು) 12 ನಿಮಿಷ, ಮರಳದವರಲ್ಲಿ 20 ನಿಮಿಷ ಎಂದು ಕಂಡುಬಂತು. ಅದಕ್ಕೆ ಹೋಲಿಸಿದರೆ ತಮ್ಮ ದೊಡ್ಡಪ್ಪನವರ ಪಕ್ಕದಲ್ಲಿದ್ದವರು ಬೇಗ ಕೈಚೆಲ್ಲಿದರೆಂದು ನನಗೆ ಅನ್ನಿಸುವುದಿಲ್ಲ.

ಸಂಶಯ ಇನ್ನೂ ಉಳಿದರೆ ಆಸ್ಪತ್ರೆಯಿಂದ ಕೇಸ್ ಶೀಟಿನ, ಅಂದರೆ ಚಿಕಿತ್ಸೆಯ ದಾಖಲೆಯ, ಪ್ರತಿಯನ್ನು ಕೇಳಿ ಪಡೆಯಿರಿ. ಹತ್ತಿರದ ಬಂಧುಗಳು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಅದರಲ್ಲಿ ಎರಡನ್ನು ಮಾತ್ರ ಹುಡುಕಿ: ಮಾನಿಟರಿನಲ್ಲಿ ಮೊದಲು ಕಂಡ ಲಯ ಯಾವುದು, ಮತ್ತು ಎದೆ ಒತ್ತಲು ಆರಂಭಿಸಿದ್ದು ಎಷ್ಟು ಗಂಟೆಗೆ. ಅದನ್ನು ಇಲ್ಲಿ ಬರೆದರೆ ಓದಿ ವಿವರಿಸಲು ಸಿದ್ಧಳಿದ್ದೇನೆ.