ವರ್ಟಿಕಾರ್ಡಿಯ ಅಂದರೆ ಯಾವ ಗಿಡ? ಅದಕ್ಕೆ ‘ಗರಿಹೂ’ ಅಂತ ಹೆಸರು ಯಾಕೆ?

ನಮ್ಮ ನೇರಳೆ, ಸೀಬೆ, ಲವಂಗ, ನೀಲಗಿರಿ ಎಲ್ಲ ಸೇರುವ ಮಿರ್ಟೇಸಿ ಕುಟುಂಬದ್ದೇ ಒಂದು ಕುಲ ಇದು. ಆದರೆ ಹೆಚ್ಚಾಗಿ ಮರವಲ್ಲ, ಪೊದೆ. ಹೆಚ್ಚಿನವು ಆಳೆತ್ತರವನ್ನೂ ಮುಟ್ಟುವುದಿಲ್ಲ. ಸುಮಾರು 100 ಪ್ರಭೇದಗಳಿವೆ, ಎಲ್ಲವೂ ಆಸ್ಟ್ರೇಲಿಯಾದವೇ. ಬಹುಪಾಲು ಆ ದೇಶದ ನೈಋತ್ಯ ಮೂಲೆಯ ಮರಳು ನೆಲದಲ್ಲಿವೆ, ಕೆಲವು ಮಾತ್ರ ಉತ್ತರದಲ್ಲಿ.

ಹೆಸರಿನ ಗುಟ್ಟು ಹೂವಿನ ಪುಷ್ಪಪತ್ರದಲ್ಲಿದೆ, ಅಂದರೆ ದಳಗಳ ಹೊರಗಿರುವ ಎಲೆಯಂಥ ಭಾಗದಲ್ಲಿ. ಸೀಬೆಹೂವಿನಲ್ಲಿ ಅದು ದಪ್ಪಗೆ, ಹಸಿರಾಗಿ, ಯಾರ ಗಮನಕ್ಕೂ ಬಾರದಂತೆ ಇರುತ್ತದೆ. ಇಲ್ಲಿ ಅದೇ ಭಾಗ ನೂಲೆಳೆಯಷ್ಟು ಸಣ್ಣಗೆ ಸೀಳಿಕೊಂಡು, ಬಣ್ಣ ತುಂಬಿಕೊಂಡು, ಹಕ್ಕಿಯ ಪುಕ್ಕದ ಹಾಗೆ ಸುತ್ತ ಹರಡಿರುತ್ತದೆ. ಹಲವು ಪ್ರಭೇದಗಳಲ್ಲಿ ದಳದ ಅಂಚಿಗೂ ಕುಚ್ಚು. ಹಳದಿ, ಗುಲಾಬಿ, ಬಿಳಿ ಬಣ್ಣದವು ಸಾಮಾನ್ಯ. ವರ್ಟಿಕಾರ್ಡಿಯ ಗ್ರಾಂಡಿಸ್ ಅಂತೂ ಕಡುಗೆಂಪು.

ಕುಲಕ್ಕೆ 1828ರಲ್ಲಿ ಹೆಸರಿಟ್ಟವರು ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್. ‘ವರ್ಟಿಕಾರ್ಡಿಯ’ ಎಂದರೆ ಲ್ಯಾಟಿನ್‌ನಲ್ಲಿ ‘ಮನಸ್ಸು ತಿರುಗಿಸುವವಳು’, ರೋಮನ್ನರ ವೀನಸ್ ದೇವಿಯ ಬಿರುದು. ಮಿರ್ಟೇಸಿ ಕುಟುಂಬಕ್ಕೆ ಹೆಸರು ಕೊಟ್ಟ ಮಿರ್ಟಲ್ ಗಿಡ ಆಕೆಗೆ ಪವಿತ್ರ, ಅದೇ ನಂಟು. ಸಸ್ಯಶಾಸ್ತ್ರದ ಹೆಸರುಗಳಲ್ಲಿ ಇಷ್ಟು ರಸಿಕತೆ ಅಪರೂಪ ಬಿಡಿ!

ಕುಂಡದಲ್ಲಿ ಬೆಳೆಸೋಣ ಅಂದರೆ ಸುಲಭವಲ್ಲ. ಚಳಿಗಾಲದ ಮಳೆ, ಒಣ ಬೇಸಿಗೆ, ಸಾರವಿಲ್ಲದ ಮರಳುಮಣ್ಣು ಇದಕ್ಕೆ ಒಗ್ಗಿದ್ದು. ನಮ್ಮ ಮುಂಗಾರಿನ ತೇವಕ್ಕೆ ಬೇರು ಕೊಳೆಯುವ ಸಂಭವವೇ ಹೆಚ್ಚು. ಆಸ್ಟ್ರೇಲಿಯಾದ ತೋಟಗಾರರೇ ಇದನ್ನು ಜೆರಾಲ್ಡ್‌ಟನ್ ವ್ಯಾಕ್ಸ್ ಎಂಬ ಗಟ್ಟಿಮುಟ್ಟಾದ ನೆಂಟಗಿಡದ ಬೇರಿಗೆ ಕಸಿ ಕಟ್ಟುವುದುಂಟು.