ತಾತನ ಮುದ್ದೆ, ಮೊಮ್ಮಗನ ಹೊಟ್ಟೆ

ಪ್ರಶ್ನೆ: ನಮ್ಮ ತಾತ ಹಾಸನದ ಕಡೆಯ ರೈತರು. ಎರಡು ಹೊತ್ತೂ ಮುದ್ದೆ ಉಂಡರೂ ಹೊಟ್ಟೆ ಬಂದಿರಲಿಲ್ಲ. ನನಗೆ 38 ವರ್ಷ, 84 ಕೆ.ಜಿ., ಬೆಂಗಳೂರಿನಲ್ಲಿ ಕೆಲಸ. ಆರು ತಿಂಗಳಿಂದ ಅನ್ನ ಬಿಟ್ಟು ಮುದ್ದೆ ತಿನ್ನುತ್ತಿದ್ದೇನೆ. ಒಂದು ಕೆ.ಜಿ.ಯೂ ಇಳಿದಿಲ್ಲ, ಯಾಕೆ?

ಉತ್ತರ: ಈ ಪ್ರಶ್ನೆ ನನಗೆ ಪ್ರತಿ ವಾರ ಬರುತ್ತದೆ, ತಾತಂದಿರು ಮಾತ್ರ ಬೇರೆ ಬೇರೆ. ಅವರು ಉಂಡು ಹೊಲಕ್ಕೆ ಹೋಗುತ್ತಿದ್ದರು, ನೀವು ಮೀಟಿಂಗಿಗೆ. ಅದು ನಿಮಗೂ ಗೊತ್ತು, ಮುಂದೆ ಹೋಗೋಣ.

100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಬಿಳಿ ಅಕ್ಕಿಯಲ್ಲಿ 355. ವ್ಯತ್ಯಾಸ ಒಂದು ಟೀ ಚಮಚ ಎಣ್ಣೆಯಷ್ಟೂ ಇಲ್ಲ. ರಾಗಿಯಲ್ಲಿ ನಾರಿದೆ, ಸುಣ್ಣದಂಶವಿದೆ, ನಾನೂ ತಿನ್ನುತ್ತೇನೆ. ಆದರೆ ಅದು ಬೊಜ್ಜಿನ ಔಷಧಿ ಅಂತ ಹೇಳಿಕೊಂಡು ಸಿರಿಧಾನ್ಯ ಮಾರುವವರನ್ನು ಕಂಡರೆ ಮೈ ಉರಿಯುತ್ತದೆ. ರಾಗಿ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕೆಂದು ನಿಯಮ. ಎಷ್ಟೋ ಸಲ ಅಲ್ಲಿರುವುದು ಮೈದಾ.

ನಿಮ್ಮಂಥವರೇ ಒಬ್ಬರು ಊಟದ ಡೈರಿ ತಂದಿದ್ದರು. ಮುದ್ದೆ, ಬಸ್ಸಾರು, ಮಜ್ಜಿಗೆ, ಒಂದಕ್ಕೂ ತಪ್ಪು ಹೇಳುವಂತಿರಲಿಲ್ಲ. ತಿಂಗಳಿಗೆ ಎಣ್ಣೆ ಎಷ್ಟು ಪ್ಯಾಕೆಟ್ ಅಂದೆ. ಗೊತ್ತಿಲ್ಲ ಡಾಕ್ಟ್ರೇ ಅಂದು ಅಲ್ಲೇ ಮನೆಗೆ ಫೋನ್ ಹಚ್ಚಿದರು. "ಐದು. ಹಬ್ಬ ಬಂದ್ರೆ ಏಳು." ಮನೆಯಲ್ಲಿ ನಾಲ್ಕು ಜನ. ಒಂದು ಲೀಟರಿನ ಪ್ಯಾಕೆಟ್ ಎಂದರೆ 910 ಗ್ರಾಂ. ಐದು ಪ್ಯಾಕೆಟ್ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ, ಸುಮಾರು 340 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2000 ಕ್ಯಾಲೊರಿಯ ಊಟದಲ್ಲಿ ಎಣ್ಣೆ, ತುಪ್ಪಕ್ಕೆಂದು ಇಟ್ಟಿರುವುದು 27 ಗ್ರಾಂ. ಸಂಜೆ ಆಫೀಸಿನ ಕೆಳಗೆ ತಿನ್ನುವ ಗೋಬಿ, ಬಜ್ಜಿ ಈ ಲೆಕ್ಕಕ್ಕೆ ಸೇರಿಲ್ಲ. ಡೈರಿಯಲ್ಲೂ ಇರಲಿಲ್ಲ.

ನಿಮ್ಮ ತಾತನ ಕಾಲದಲ್ಲಿ ಹುಚ್ಚೆಳ್ಳೆಣ್ಣೆ ಒಗ್ಗರಣೆಗೆ, ಬಾಣಲೆ ಹಬ್ಬಕ್ಕೆ. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಮುಕ್ತವಾದ ಮೇಲೆ ಎಣ್ಣೆ ಬಡವರ ಕೈಗೂ ಎಟುಕಿತು. ಅದು ಒಳ್ಳೆಯದೇ, ಆದರೆ ಕರಿದದ್ದು ದಿನದ ತಿಂಡಿಯಾಯಿತು. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮೀರಿದ ಗಂಡಸರು 2015-16ರಲ್ಲಿ ನೂರಕ್ಕೆ 22 ಇದ್ದವರು 2019-21ರ ಹೊತ್ತಿಗೆ 31ರ ಹತ್ತಿರಕ್ಕೆ ಬಂದರು. ಹೆಂಗಸರು 23ರಿಂದ 30ಕ್ಕೆ. ಆ ನಾಲ್ಕೈದು ವರ್ಷದಲ್ಲಿ ನಾವೇನು ಮುದ್ದೆ ಮರೆತವರಲ್ಲ, ಅದು ಎಷ್ಟೋ ಮೊದಲೇ ಆಗಿತ್ತು.

ನಿಮ್ಮ ಮನೆಯಲ್ಲೂ ನಾಲ್ಕು ಜನರಿದ್ದರೆ ಮುಂದಿನ ತಿಂಗಳು ಎಣ್ಣೆ ಮೂರೇ ಪ್ಯಾಕೆಟ್ ತನ್ನಿ. ಅನ್ನ ಬೇಕಿದ್ದರೆ ಉಣ್ಣಿ, ಅಳತೆಯಲ್ಲಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಿದರೆ?

ಉತ್ತರ: ಬಣ್ಣ ಬದಲಾಗುತ್ತದೆ.

ಪ್ರಶ್ನೆ: ತಿಂಗಳಿಗೆ 10 ಕೆ.ಜಿ. ಇಳಿಸುವ ಪೌಡರ್ ಪರಿಚಿತರೊಬ್ಬರು ಕೊಡುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಅಂಥ ಡಬ್ಬಿ ಮುಗಿಸಿ ಕಣ್ಣು ಹಳದಿಯಾಗಿ ಬಂದವರನ್ನು ನೋಡಿದ್ದೇನೆ. ಬೇಡ.

ಪ್ರಶ್ನೆ: ಗಂಡಸು, 62 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22. ಆದರೂ ಸ್ವಲ್ಪ ಹೊಟ್ಟೆ ಇದೆ. ಚಿಂತೆ ಇಲ್ಲ ತಾನೇ?

ಉತ್ತರ: ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ಒಟ್ಟಿಗೆ ಫೋಟೊ ತೆಗೆಸಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಹಾಕಿದ್ದರು. ಇಬ್ಬರದೂ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ನಮ್ಮ ಯಾಜ್ಞಿಕ್ ಅವರದು 21.2. ತಕ್ಕಡಿ ಬಿಟ್ಟು ಟೇಪು ಹಿಡಿಯಿರಿ: ಸೊಂಟದ ಸುತ್ತು ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಹೊಟ್ಟೆ ಒಳಗೆಳೆದುಕೊಂಡು ಅಳೆಯಬೇಡಿ.